ಲ್ಯಾಪ್‌ಟಾಪಿಗೂ ಖಂಡೆ ಪೂಜೆ!

ಏನೇ ಆಗಲಿ, ಈ ದಸರೆಯೊಳಗೆ ನನ್ನ ಮಹಾಕಾದಂಬರಿಯನ್ನು ಆ ಮುದಿ ಲ್ಯಾಪ್‌ಟಾಪಿನ ಹೊಟ್ಟೆಯಿಂದ ಹೊರಗೆ ತೆಗೆದೇ ತೀರುತ್ತೇನೆ, ಅದೂ ಯಾರ ಹಂಗೂ ಇಲ್ಲದೆ! ವಿದ್ಯಾಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎದೆ ಸೆಟೆದು ನಿಂತು ಹೀಗೆ ಘೋಷಿಸಿದೆ. ನನ್ನ ಹೆಂಡತಿ ಸುನಂದಾ ಬದನೆಕಾಯಿ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ.

ಕಾದಂಬರಿಯ ವಿಷಯ ಹೇಳಲೇಬೇಕು. ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟುವ ಒಬ್ಬ ತರುಣ ಶಿಲ್ಪಿ, ಅವನನ್ನು ನೋಡಲು ಮಲಪ್ರಭೆ ದಾಟಿ ಬರುವ ಒಬ್ಬ ರಾಜಕುಮಾರಿ. ಹಗಲೆಲ್ಲ ನಾನು ಕಾಲೇಜಿನ ಕಚೇರಿಯಲ್ಲಿ ರಶೀದಿ ಹರಿಯುವ ಗುಮಾಸ್ತ. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ ಸಾಕ್ಷಾತ್ ಚಾಲುಕ್ಯರ ಕಾಲದವನು! ವರ್ಷಗಟ್ಟಲೆ ಕನಸು ಕಂಡು ಬರೆದದ್ದೆಲ್ಲ ಅದರೊಳಗೇ ಇತ್ತು. ಈಗ ಅದರ ಹಾರ್ಡ್‌ಡಿಸ್ಕ್ ಟಕ್ ಟಕ್ ಎನ್ನತೊಡಗಿತ್ತು. ಬ್ಯಾಟರಿ ಎಂದೋ ಸತ್ತಿದ್ದರಿಂದ ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದರೆ ಮಾತ್ರ ಅದಕ್ಕೆ ಜೀವ. ಅದೂ ಮತ್ತೆ ಮತ್ತೆ ಗುಂಡಿ ಒತ್ತಿದರೆ ಎಂದಾದರೊಮ್ಮೆ, ಅದರ ಮನಸ್ಸಿಗೆ ಬಂದರೆ, ಚಾಲೂ ಆಗುತ್ತಿತ್ತು.

“ಮುಕ್ತಾರನ ಅಂಗಡಿಗೆ ಒಯ್ದು ಕೊಡ್ರಿ. ಲ್ಯಾಪ್‌ಟಾಪ್ ರಿಪೇರಿ ಅವಂಗ ದಿನದ ಕೆಲಸ,” ಎಂದಳು ಸುನಂದಾ.

“ಕೊಟ್ರ ಅವ ನನ್ನ ಕಾದಂಬರಿ ಓದ್ತಾನ! ಕದ್ದು ತನ್ನ ಹೆಸರಿನ್ಯಾಗ ಅಚ್ಚು ಹಾಕಿಸಿದ್ರ?”

“ಓದಿದ ಮ್ಯಾಲೆ ಕದಿಯಂಗಿಲ್ಲ ಬಿಡ್ರಿ.”

ಈ ಮಾತನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ. ಆದರೂ ಮುಕ್ತಾರನಿಗೆ ಫೋನ್ ಹಚ್ಚಿ ಕೇಳಿದೆ. “ಸರ್, ಡಿಸ್ಕ್ ಕಡೇ ಉಸಿರಿನ್ಯಾಗ ಐತಿ. ಒಮ್ಮೆ ಚಾಲೂ ಆತಂದ್ರ ಯಾವ ಕಾರಣಕ್ಕೂ ಬಂದ್ ಮಾಡಬ್ಯಾಡ್ರಿ. ಮುಖ್ಯ ಇದ್ದದ್ದು ಮೊದಲ ಪೆನ್‌ಡ್ರೈವಿಗೆ ಕಾಪಿ ಮಾಡ್ಕೋರಿ,” ಎಂದ.

ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ಬೆಳಿಗ್ಗೆ ಪವಾಡ ನಡೆಯಿತು. ಗುಂಡಿ ಒತ್ತಿದ್ದೇ ತಡ, ಪರದೆ ಬೆಳಗಿತು! “ಸುನಂದಾ, ಬಂತ ಬಂತು!” ಎಂದು ಕುಣಿದೆ. “ಸಕ್ಕರಿ ಹಂಚಲೇನು?” ಎಂದು ಅಡುಗೆಮನೆಯಿಂದ ಉತ್ತರ ಬಂತು.

ಮುಖ್ಯವಾದದ್ದು ಮೊದಲು ಎಂದಿದ್ದ ಮುಕ್ತಾರ. ಆದರೆ ಎಲೆಯಲ್ಲಿ ಹೋಳಿಗೆಯನ್ನು ಕಡೆಗೆಂದು ಉಳಿಸಿಕೊಳ್ಳುವವನು ನಾನು! ಸಂಶೋಧನೆಗೆಂದು ಪಟ್ಟದಕಲ್ಲಿನಲ್ಲಿ ತೆಗೆದ ಫೋಟೊಗಳು ಮೊದಲು ಹೋಗಲಿ, ಆಮೇಲೆ ಮೆರವಣಿಗೆಯ ಹಿಂದೆ ರಾಜ ಬಂದಂತೆ ಕಾದಂಬರಿ ಬರಲಿ ಎಂದುಕೊಂಡೆ. ಫೋಟೊಗಳು ಹೊರಟವು. ಪರದೆಯ ಹಸಿರು ಪಟ್ಟಿ ಬಸುರಿಯ ಹಾಗೆ ನಿಧಾನ ನಡೆಯಿತು. ಮೇಲೆ ಫ್ಯಾನಿನ ಗಾಳಿ, ಒಳಗಿನಿಂದ ಹೂರಣದ ವಾಸನೆ. ರೆಪ್ಪೆಗಳು ತಾವೇ ಇಳಿದವು.

ಟಕ್... ಟಕ್... ಅದು ಡಿಸ್ಕಿನ ಸದ್ದಲ್ಲ, ಉಳಿಯ ಸದ್ದು! ಮಲಪ್ರಭೆಯ ದಂಡೆ, ಕೆಂಪು ಕಲ್ಲಿನ ಮೇಲೆ ಇಳಿಬಿಸಿಲು. ಶಿಲ್ಪಿ ನಾನೇ. ಬೊಜ್ಜಿಲ್ಲ, ತಲೆ ತುಂಬ ಕೂದಲು! ಹೊಳೆಯ ಮೇಲೆ ನಡೆದುಕೊಂಡೇ ರಾಜಕುಮಾರಿ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು. ಚಾಲುಕ್ಯರ ಕಾಲದಲ್ಲಿ ಅದು ಇತ್ತೇ ಎಂದು ಕನಸಿನಲ್ಲಿ ಕೇಳುವವರು ಯಾರು? ಕೆಂಪು ಸೆರಗು ನೀರಿನ ಮೇಲೆ ತೇಲುತ್ತಿತ್ತು. ನಾನು ಕೆತ್ತುತ್ತಿದ್ದ ಮುಖವನ್ನು ಮುಟ್ಟಿ, “ಇದು ಯಾರು?” ಎಂದಳು. “ನೀನೇ,” ಎಂದೆ. ಕಲ್ಲು ಬೆಚ್ಚಗಾಯಿತು. ಹೊಳೆ ಹರಿಯುವುದನ್ನು ಬಿಟ್ಟು ನಮ್ಮ ಮಾತು ಕೇಳುತ್ತ ನಿಂತಿತು. ಅಷ್ಟು ಸುಖ ನನಗೆ ಎಚ್ಚರದಲ್ಲಿ ಎಂದೂ ಆಗಿಲ್ಲ. ಆಕೆ ಇನ್ನೇನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಉಳಿಯ ಸದ್ದು ನಿಂತುಹೋಯಿತು!

ಕಣ್ಣು ಬಿಟ್ಟೆ. ಮೇಜು ಖಾಲಿ! ದೇವರ ಮನೆಗೆ ಓಡಿದೆ. ಅಲ್ಲಿ ನನ್ನ ತಾಯಿ ಗುರುಸಿದ್ದವ್ವ ಕೈಮುಗಿದು ಕೂತಿದ್ದಳು. ಎದುರಿಗೆ ಈಳಿಗೆ, ಕುಡಗೋಲು, ಕತ್ತರಿ, ಸ್ಕೂಟರಿನ ಕೀಲಿ. ನಡುವೆ ನನ್ನ ಲ್ಯಾಪ್‌ಟಾಪ್, ಹಣೆ ತುಂಬ ವಿಭೂತಿ ಬಳಿದುಕೊಂಡು, ಚೆಂಡು ಹೂವು ಮುಡಿದು, ಶಾಂತವಾಗಿ ಕಣ್ಣು ಮುಚ್ಚಿತ್ತು. ಪೆನ್‌ಡ್ರೈವಿಗೂ ಕುಂಕುಮ!

“ಯವ್ವಾ! ಬಂದ್ ಮಾಡಿದೇನು?”

“ಮತ್ತ? ಖಂಡೆ ಪೂಜಿ ದಿನಾ ಹತಾರದ ಕಡಿಂದ ಕೆಲಸ ಮಾಡಸ್ತಾರೇನೋ ಅನಿಲ್ಯಾ? ನೀ ನೋಡಿದ್ರ ಗೊರಕಿ ಹೊಡ್ಯಾಕತ್ತಿದ್ದಿ. ಅದು ಪಾಪ, ಟಕ್ ಟಕ್ ಅಂತ ನರಳಾಕತ್ತಿತ್ತು. ವಾಯರ್ ಕಿತ್ತು ಮಲಗಿಸೀನಿ. ಒಂದಿನ ಆರಾಮ ಮಾಡ್ಲಿ.”

“ಅದು ಇನ್ನ ಏಳಂಗಿಲ್ಲಬೇ!” ಎಂದು ಕೈಚಾಚಿದೆ. ಅವ್ವ ನನ್ನ ಕೈಗೆ ಪಟ್ಟನೆ ಹೊಡೆದಳು. “ಪೂಜಿಗೆ ಇಟ್ಟದ್ದು ನಾಳೆ ಮುಂಜಾನಿತನಕ ಮುಟ್ಟಂಗಿಲ್ಲ!”

ಮರುದಿನ ಬೆರಳು ನೋಯುವ ತನಕ ಗುಂಡಿ ಒತ್ತಿದೆ. ಕಪ್ಪು ಪರದೆ, ಡಿಸ್ಕೇ ಇಲ್ಲ ಎನ್ನುವ ಒಂದು ಸಾಲು, ಅಷ್ಟೇ. ಆ ಟಕ್ ಟಕ್ ಕೂಡ ಇಲ್ಲ. ಕಡೆಗೆ ಹಂಗು ಬಂದೇಬಂತು, ಮುಕ್ತಾರನ ಮುಂದೆ ಒಯ್ದು ಇಟ್ಟೆ. ಅವನು ಕಿವಿ ಹಚ್ಚಿ ಕೇಳಿ, ದವಾಖಾನೆಯ ಡಾಕ್ಟರರ ದನಿಯಲ್ಲಿ “ಹೋತ್ರಿ ಸರ್,” ಎಂದ. ಪೆನ್‌ಡ್ರೈವ್ ತೆರೆದರೆ ಬರೀ ಫೋಟೊ: ಅರ್ಧ ಗುಡಿ, ಉಳಿದರ್ಧ ಬಸ್ ತಪ್ಪುತ್ತದೆಂದು ಸಿಟ್ಟಿನಿಂದ ಹೊರಟ ಸುನಂದಾಳ ಬೆನ್ನು.

ಸಂಜೆ ಓಣಿಯವರೆಲ್ಲ ಬನ್ನಿ ಕೊಟ್ಟು ಅಪ್ಪಿಕೊಳ್ಳುತ್ತಿದ್ದರು. ನಾನು ಮೂಲೆಯಲ್ಲಿ ಕೂತಿದ್ದೆ. ನಿಜ ಹೇಳುತ್ತೇನೆ, ಅತ್ತುಬಿಟ್ಟೆ. ಗುಮಾಸ್ತನಲ್ಲದ ನಾನೊಬ್ಬನಿದ್ದೆನಲ್ಲ, ಅವನೇ ಸತ್ತಂತಾಗಿತ್ತು.

ಸುನಂದಾ ಬಂದು ನನ್ನ ಕೈಯಲ್ಲಿ ಬನ್ನಿ ಎಲೆ ಇಟ್ಟು ಪಕ್ಕದಲ್ಲೇ ಕೂತಳು. “ಅದಕ್ಯಾಕ ಅಳ್ತೀರಿ? ಒಂದೊಂದ ಅಧ್ಯಾಯ ಮುಗಿದಾಗೂ ನನ್ನ ಇ-ಮೇಲಿಗೆ ಕಳಸ್ತಿದ್ರಲ್ಲ, ಮರ್ತ್ರೇನು? ಎಲ್ಲಾ ನನ್ನ ಫೋನಿನ್ಯಾಗ ಅದಾವ.”

ಮರೆತೇಬಿಟ್ಟಿದ್ದೆ! ಅವಳ ಎರಡೂ ಕೈ ಹಿಡಿದುಕೊಂಡೆ. ಮಲಪ್ರಭೆ ದಾಟಿ ಬಂದವಳು ಇವಳೇ ಎನಿಸಿತು. “ಸುನಂದಾ, ಅವನ್ನ ಓದಿ ಕಣ್ಣಾಗ ನೀರು ಬಂತು ಅಂದಿದ್ದಿ ನೀ!”

“ನೀರು ಬಂದದ್ದು ಖರೇನ. ಅವಾಗ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದೆ.” ಫೋನ್ ತೆರೆದು ನನ್ನ ಮೂಗಿನ ಮುಂದೆ ಹಿಡಿದಳು. “ನೋಡ್ರಿ, ಒಂದರ ಹಾಳಾಗೇತೇನು? ನೀವು ಕಳಿಸಿದಾಗ ಹೆಂಗಿದ್ವೋ ಹಂಗ ಅದಾವ. ನಾ ಒಂದನ್ನೂ ತೆರದೇ ಇಲ್ಲ!”