ಹನುಮಂತಯ್ಯನ ಕಂಪ್ಯೂಟರ್ ರಾಜಿ

ಹೊನ್ನವಳ್ಳಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆಸ್ತಿ. ಹನುಮಂತಯ್ಯನಿಗೆ ಹದಿನಾಲ್ಕು ವರ್ಷದ ಒಂದು ಕೇಸು.

ಕೇಸು ಒಂದು ತೆಂಗಿನ ಮರದ್ದು. ಬುಡ ಹನುಮಂತಯ್ಯನ ತೋಟದಲ್ಲಿ, ತಲೆ ಬದು ದಾಟಿ ಬಾಮೈದ ಸಣ್ಣತಿಮ್ಮಯ್ಯನ ತೋಟದಲ್ಲಿ. ನೀರು, ಗೊಬ್ಬರ ಇಲ್ಲಿ. ಕಾಯಿ ಉದುರುವುದು ಅಲ್ಲಿ. ವಾಯಿದೆ ಬಿದ್ದ ದಿನ ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಬಸ್ಸಿಗೆ ತಿಪಟೂರಿಗೆ ಹೋಗುತ್ತಿದ್ದರು. ದಾರಿಯುದ್ದಕ್ಕೂ ಬೈಗುಳ, ಕೋರ್ಟಿನ ಎದುರಿನ ಹೋಟೆಲಿನಲ್ಲಿ ಒಂದು ಕಾಫಿಗೆ ಎರಡು ಲೋಟ, ಮತ್ತೆ ಬೈಗುಳ. ಹನುಮಂತಯ್ಯನಿಗೆ ಕಿವಿ ಮಂದ. ಹೆಂಡತಿ ಸಿದ್ದಮ್ಮ ತೀರಿಕೊಂಡ ಮೇಲೆ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡುವ ಪ್ರಾಣಿ ಊರಿನಲ್ಲಿ ಸಿದ್ದಮ್ಮನ ಈ ತಮ್ಮನೊಬ್ಬನೇ. (ಈ ಸತ್ಯ ಆಗ ಅವನಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.)

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ, ತಿಪಟೂರು ಬಸ್‌ಸ್ಟ್ಯಾಂಡಿನ ಹತ್ತಿರ ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ಫೈಸಲ್ ಒಂದು ಸುದ್ದಿ ಹೇಳಿದ. ಬೆಂಗಳೂರಿನಲ್ಲಿ ಒಬ್ಬ ಮೇಡಮ್ಮು ಕಂಪ್ಯೂಟರಿನಲ್ಲೇ ಎರಡೂ ಕಡೆಯವರ ಮಾತು ಕೇಳಿ ರಾಜಿ ಮಾಡಿಸುತ್ತಾರಂತೆ. ಕೋರ್ಟಿಗೆ ಅಲೆಯಬೇಕಿಲ್ಲ, ಎದುರಾಳಿಯ ಮುಖ ನೋಡಬೇಕಿಲ್ಲ.

"ಮುಖ ನೋಡಂಗಿಲ್ವಾ? ಹಂಗಾದ್ರೆ ಬರ್ಕೊಳಪ್ಪ!" ಎಂದ ಹನುಮಂತಯ್ಯ.

"ನಿಮ್ಮ ಷರತ್ತು ಏನು ಯಜಮಾನ್ರೇ?" ಎಂದು ಫೈಸಲ್ ಅವನ ಕಿವಿಯ ಹತ್ತಿರ ಕೂಗಿದ.

"ಒಂದು, ಆ ಕಡೆ ಬಿದ್ದ ಕಾಯಿ ಅವ್ನು ಬದಿನ ಕಲ್ಲಿನ ಮ್ಯಾಲೆ ತಂದಿಡ್ಬೇಕು. ಎರಡು, ಇಟ್ಟು ಬಾಯಿ ಮುಚ್ಕೊಂಡು ಹೋಗ್ಬೇಕು. ಇಬ್ರಲ್ಲಿ ಯಾರು ಮೊದ್ಲು ಮಾತಾಡ್ತಾರೋ ಅವ್ರು ಮರ ಬುಟ್ಕೊಡ್ಬೇಕು. ಹಾಕು!"

"ಅವರು ಒಪ್ತಾರಾ?"

"ಅವ್ನಾ? ಬಾಯಿ ಮುಚ್ಚಿದ್ರೆ ಅವ್ನಿಗೆ ಹೊಟ್ಟೆ ಉಬ್ಬರಿಸ್ತದೆ ಕಣಪ್ಪ. ಇನ್ನಾರು ವರ್ಷ ಎಳೀತಾನೆ, ನೋಡ್ತಿರು."

ಮೂರೇ ದಿನಕ್ಕೆ ಕಂಪ್ಯೂಟರಿನಲ್ಲಿ ತಿಮ್ಮಯ್ಯನ ಉತ್ತರ ಬಂತು. 'ಎಲ್ಲಾ ಷರತ್ತಿಗೂ ಒಪ್ಪಿಗೆ ಇದೆ.' ಹನುಮಂತಯ್ಯನಿಗೆ ಯಾರೋ ಮುಂಡಾಸು ಕಿತ್ತುಕೊಂಡಂತಾಯಿತು. ಆದರೆ ತಾನೇ ಹಾಕಿದ ಷರತ್ತು, ಹೇಗೆ ತಾನೇ ಹಿಂದೆಗೆದಾನು? ಹೆಬ್ಬೆಟ್ಟು ಒತ್ತುವ ಕುಲವಲ್ಲ ತನ್ನದು ಎಂದು ತೋರಿಸಲು ಉದ್ದವಾಗಿ ರುಜು ಹಾಕಿದ. ವಕೀಲರು ರಾಜಿ ಪತ್ರವನ್ನು ಕೋರ್ಟಿಗೆ ಕೊಟ್ಟರು. ಹದಿನಾಲ್ಕು ವರ್ಷದ ಕೇಸು ಒಂದೇ ಬೆಳಿಗ್ಗೆ ಮುಗಿದುಹೋಯಿತು. ಬರುವಾಗ ಬಸ್ಸಿನಲ್ಲಿ ತಿಮ್ಮಯ್ಯ ಮುಂದಿನ ಸೀಟು, ಇವನು ಹಿಂದಿನ ಸೀಟು. ಯಾರೂ ಯಾರನ್ನೂ ಬೈಯಲಿಲ್ಲ. ಹೊನ್ನವಳ್ಳಿ ಅಷ್ಟು ದೂರವೆಂದು ಹನುಮಂತಯ್ಯನಿಗೆ ಗೊತ್ತೇ ಇರಲಿಲ್ಲ.

ಅಲ್ಲಿಂದ ಶುರುವಾಯಿತು ಶಾಂತಿಯ ಕಾಟ. ಬೆಳಿಗ್ಗೆ ಎದ್ದರೆ ಕಲ್ಲಿನ ಮೇಲೆ ಕಾಯಿ ಇರುತ್ತಿತ್ತು, ದೇವರ ಮುಂದೆ ಇಟ್ಟಷ್ಟು ಅಚ್ಚುಕಟ್ಟಾಗಿ. ಇಟ್ಟವನು ಇರುತ್ತಿರಲಿಲ್ಲ. ಹನುಮಂತಯ್ಯ ಬದುವಿನ ಹತ್ತಿರ ನಿಂತು ಕೆಮ್ಮಿದ. ಹಸುವಿಗೆ ಬೈದ. ಒಂದು ದಿನ ಗರಿಯನ್ನು ಬೇಕೆಂದೇ ಆ ಕಡೆ ಎಸೆದ. ಅದನ್ನು ತಿಮ್ಮಯ್ಯ ಮಡಿಸಿ, ಕಾಯಿಯ ಪಕ್ಕದಲ್ಲೇ ಇಟ್ಟು ಹೋಗಿದ್ದ. ಇಂಥ ದುರುಳನ ಜೊತೆ ಬಾಳುವುದು ಹೇಗೆ?

ಸಂಜೆ ತಟ್ಟೆಗೆ ಮುದ್ದೆ ಹಾಕಿಕೊಂಡು ಕೂತರೆ, ಎದುರಿಗೆ ಸಿದ್ದಮ್ಮ ಕೂರುತ್ತಿದ್ದ ಮಣೆ. ಮೊದಲಾದರೆ ಅಷ್ಟು ಹೊತ್ತಿಗೆ ಬದುವಿನ ಆಚೆಯಿಂದ "ಭಾವ, ಸಾರು ಸೀದೈತೆ, ಇಲ್ಲಿಗಂಟ ವಾಸ್ನೆ!" ಎಂಬ ಕೂಗು ಬರುತ್ತಿತ್ತು. ಈಗ ಸಾರು ಸೀದರೂ ಕೇಳುವವರಿಲ್ಲ. ಅವನು ಎರಡು ದಿನ ಬೇಕೆಂದೇ ಸೀಯಿಸಿದ. ಅದನ್ನೂ ಒಬ್ಬನೇ ಉಂಡ.

ಅಷ್ಟರಲ್ಲಿ ಕೊಬ್ಬರಿ ಒಡೆಯುವ ಕಾಲ ಬಂತು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಬೇಕು. ಒಳಗೆ ಉಂಡೆ ಲೊಟಲೊಟ ಎಂದರೆ ಕೊಬ್ಬರಿ. ನೀರು ತುಳುಕಿದರೆ ಮತ್ತೆ ಅಟ್ಟಕ್ಕೆ. ಆ ಕೆಲಸಕ್ಕೆ ಕಿವಿ ಬೇಕು. ಮೊದಲು ಸಿದ್ದಮ್ಮನ ಕಿವಿ ಇತ್ತು. ಆಮೇಲೆ "ಕೋರ್ಟಿನ ಜಗಳ ಕೋರ್ಟಿಗೆ ಭಾವ, ಕೊಬ್ಬರಿ ಕೆಡಿಸ್ಕಬ್ಯಾಡ" ಎನ್ನುತ್ತ ಪ್ರತಿವರ್ಷ ಬಂದು ಕೂತಿದ್ದು ಪ್ರತಿವಾದಿಯ ಕಿವಿ!

ಈ ವರ್ಷ ಹನುಮಂತಯ್ಯ ಒಬ್ಬನೇ ಕೂತ. ಕಾಯಿ ಅಲುಗಿಸಿದ. ಏನೂ ಕೇಳಲಿಲ್ಲ. ಅಂದಾಜಿನಲ್ಲಿ ಒಡೆದ: ನೀರು. ಇನ್ನೊಂದು: ನೀರು. ಏಳನೆಯದು ಅವನ ಮುಖಕ್ಕೇ ಚಿಮ್ಮಿತು. ಎದ್ದು, ಇನ್ನೊಂದು ಕಾಯಿ ಹಿಡಿದು ಬದುವಿನ ಹತ್ತಿರ ಹೋದ. ತಲೆಯ ಮೇಲೆ ಮರ ತೂಗುತ್ತಿತ್ತು. (ಷರತ್ತು ಮರೆತನೋ, ಮರೆತವನಂತೆ ಮಾಡಿದನೋ, ಅವನಿಗೇ ಸರಿಯಾಗಿ ಗೊತ್ತಿಲ್ಲ.)

"ಲೇ ತಿಮ್ಮ! ಇದ್ರಾಗೆ ನೀರೈತಾ ನೋಡ್ಲಾ!"

ಬದುವಿನ ಆಚೆ, ಮೂರು ಮಾರು ದೂರದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ ತಿಮ್ಮಯ್ಯ ಚಂಗನೆ ಎದ್ದ. "ಇಪ್ಪತ್ಮೂರು ದಿನ ಆಯ್ತು ಭಾವ, ಬಾಯಿ ಬೂಷ್ಟು ಹಿಡಿದಿತ್ತು! ಕೊಡಿಲ್ಲಿ." ಕಾಯಿ ಕಿತ್ತುಕೊಂಡು ಅಲುಗಿಸಿದ. "ನೀರೈತೆ. ನಿನ್ನ ತಲೇಲಿರೋದಕ್ಕಿಂತ ಜಾಸ್ತಿ ಐತೆ. ಮರ ನಂದಾಯ್ತು."

ಹನುಮಂತಯ್ಯ ಮರದ ತುದಿ ನೋಡಿದ. ಆಮೇಲೆ ಬುಡ ನೋಡಿದ. ಇಪ್ಪತ್ತಮೂರು ದಿನಗಳ ಮೇಲೆ ಮೊದಲ ಸಲ ಎದೆ ಸೆಟೆಸಿದ.

"ಮರ ನಿಂದೇ ಇರ್ಲಿ ಕಣ್ಲಾ. ಅದು ನಿಂತಿರೋ ಮಣ್ಣು ಯಾರಪ್ಪಂದು? ಹಾಕ್ತೀನಿ ನೋಡು ಕೇಸು!"

"ಕಂಪ್ಯೂಟ್ರಿಗಾ?"

"ಥೂ! ಕೋರ್ಟಿಗೆ."

ಸಣ್ಣತಿಮ್ಮಯ್ಯ ಬದು ದಾಟಿ ಬಂದು ಭಾವನ ಜಗುಲಿಯ ಮೇಲೆ ಕೂತು, ಎರಡನೇ ಕಾಯಿಯನ್ನು ಕಿವಿಗೆ ಹಿಡಿದುಕೊಂಡೇ ಕೇಳಿದ:

"ಯಾವ ಬಸ್ಸಿಗೆ ಹೋಗಾಣ ಭಾವ?"