ಗಂಗಿ ಹಿಡಿದ ಮೂರು ಸೀಟು

ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಒಮ್ಮೆ ವಿಸಲ್ ಊದಿದರೆ ಮುನ್ನೂರು ಮಕ್ಕಳು ಗೆರೆ ಎಳೆದಂತೆ ನಿಲ್ಲುತ್ತಾರೆ. ಇಂಥ ನನಗೆ, ಅಣ್ಣನ ಇಬ್ಬರು ಹೆಣ್ಣುಮಕ್ಕಳನ್ನು ಚಿಕ್ಕೋಡಿಯಿಂದ ರಾಯಬಾಗಕ್ಕೆ ಮುಟ್ಟಿಸುವುದು ಒಂದು ಕೆಲಸವೇ? ಹೀಗೆಂದು ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ನಾನು ಪೂರ್ಣ ಮನಸ್ಸಿನಿಂದ ನಂಬಿದ್ದೆ.

ಅಣ್ಣನ ಮನೆ ಏಕಸಂಬಿಯಲ್ಲಿ. ವೈನಿಯ, ಅಂದರೆ ಅಣ್ಣನ ಹೆಂಡತಿಯ ತವರು ರಾಯಬಾಗ. ಅಲ್ಲಿ ಅವರ ತಂಗಿಗೆ ಕುಬಸ; ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ವೈನಿ ಹೋಳಿಗೆ ಮಾಡಲು ಎರಡು ದಿನ ಮುಂಚೆಯೇ ಹೋಗಿದ್ದರು. ಅಣ್ಣನ ಹೊಲಕ್ಕೆ ಕಬ್ಬು ಕಡಿಯುವವರು ಬಂದಿದ್ದರು. ಆ ದಿನಗಳಲ್ಲಿ ಅವನಿಗೆ ಹೆಂಡತಿ ಮಕ್ಕಳ ಹೆಸರೂ ನೆನಪಿರುವುದಿಲ್ಲ. ಹಾಗಾಗಿ ಮಕ್ಕಳು ಶನಿವಾರದ ಶಾಲೆ ಮುಗಿಸಿ ನನ್ನ ಮನೆಗೆ ಬಂದರು. ಮರುದಿನ ಅವರನ್ನು ರಾಯಬಾಗಕ್ಕೆ ಕರೆದೊಯ್ಯುವ ಘನ ಜವಾಬ್ದಾರಿ ನನ್ನದು.

ರಾತ್ರಿಯೇ ವೈನಿಯ ಫೋನು. "ಸುಮಾ, ಕಾರ್ ಮಾಡ್ಕೊಂಡ ಬಾರವಾ."

"ಬಸ್ ಇರೂಮುಂದ ಕಾರ್ ಯಾಕ ವೈನಿ?"

"ನಿನಗ ಸಣ್ಣ ಮಕ್ಕಳನ್ನ ಸಂಭಾಳಿಸೂ ರೂಢಿ ಇಲ್ಲ."

"ಮುನ್ನೂರು ಮಂದೀನ್ನ ಸಂಭಾಳಸ್ತೀನ್ರಿ ನಾ!"

"ಅವ್ರು ಬರೇ ಮುನ್ನೂರು ಮಂದಿ. ಇವ್ರು ಇಬ್ರದಾರ," ಎಂದರು ವೈನಿ. ಆಮೇಲೆ, "ಇದೊಂದು ಸಲ ಸರಿಯಾಗಿ ಕರಕೊಂಡ ಬಾ. ಬ್ಯಾಸಗಿ ಸೂಟಿಗೆ ತಿಂಗಳಾನ ನಿನ್ನ ಕಡೆ ಕಳಸ್ತೀನಿ," ಎಂದರು.

ಒಂದು ತಿಂಗಳು! ಮದುವೆಯಾಗದ, ಮನೆಯಲ್ಲಿ ಒಬ್ಬಳೇ ಇರುವ ನನಗೆ ಇದು ಎಂಥ ಮಾತು ಎಂದು ನಿಮಗೆ ಹೇಗೆ ಹೇಳಲಿ? ಮೂರು ವರ್ಷದಿಂದ ಕೇಳುತ್ತಿದ್ದೆ. ಮೂರು ವರ್ಷದಿಂದ ವೈನಿ "ನೋಡೂಣು" ಎನ್ನುತ್ತಿದ್ದರು. ನಾನು ಆ ಹುಡುಗಿಯರ ಸಲುವಾಗಿ ಆಗಲೇ ಎರಡು ಹೊಸ ಚಾದರ ತಂದು ಕಪಾಟಿನಲ್ಲಿ ಇಟ್ಟಿದ್ದೆ. ಅಷ್ಟು ಹುಚ್ಚು ನನಗೆ ಅವರೆಂದರೆ.

ದೊಡ್ಡವಳು ಶ್ರಾವಣಿ. ವಯಸ್ಸು ಕೇಳಿದರೆ "ಒಂಬತ್ತು ವರ್ಷ ನಾಕು ತಿಂಗಳು" ಎಂದು ಲೆಕ್ಕವಾಗಿ ಹೇಳುತ್ತಾಳೆ. ಸುಳ್ಳು ಅವಳ ನಾಲಿಗೆಗೆ ಹತ್ತುವುದಿಲ್ಲ. ಒಮ್ಮೆ ನಮ್ಮ ಮನೆಗೆ ಪಿಗ್ಮಿ ಏಜೆಂಟ್ ಬಂದಾಗ ಬಾಗಿಲಿಗೆ ಹೋಗಿ, "ಅತ್ತಿ ಅಡಗಿಮನ್ಯಾಗ ಕುಂತಾಳ್ರಿ, ಮನ್ಯಾಗಿಲ್ಲ ಅಂತ ಹೇಳು ಅಂದಾಳ್ರಿ," ಎಂದು ಎರಡೂ ಮಾಹಿತಿ ಕೊಟ್ಟು ಬಂದವಳು.

ಚಿಕ್ಕವಳು ಗಂಗಿ. ಐದೂವರೆ ವರ್ಷ. ಮಾತು ಕಡಿಮೆ. ಒಂದು ಕೆಲಸ ವಹಿಸಿದರೆ ಮುಗಿಯಿತು, ಭೂಮಿ ಅಲುಗಿದರೂ ಅವಳು ಅಲುಗುವುದಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಕಾಯಲು ಕೂಡಿಸಿದರೆ ಕಾಗೆಯನ್ನಷ್ಟೇ ಅಲ್ಲ, ಸಂಡಿಗೆ ಇಟ್ಟ ನಮ್ಮ ಅವ್ವನನ್ನೂ ಹತ್ತಿರ ಬಿಟ್ಟಿರಲಿಲ್ಲ!

ಹತ್ತು ಗಂಟೆಗೆ ನಾವು ಮೂವರೂ ಬಸ್ ಸ್ಟ್ಯಾಂಡಿನಲ್ಲಿದ್ದೆವು. ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಬಗಲಲ್ಲಿ ಬಸುರಿಗೆ ಕೊಡುವ ಹಸಿರು ಸೀರೆಯ ಚೀಲ. ಲಗ್ನಗಳ ಕಾಲ, ಜನ ಕಿಕ್ಕಿರಿದಿತ್ತು.

ನಮ್ಮ ಕಡೆ ಬಸ್ ಹತ್ತುವುದು ಬೇರೆ, ಸೀಟು ಹಿಡಿಯುವುದು ಬೇರೆ. ಬಸ್ ಇನ್ನೂ ನಿಂತಿರುವುದಿಲ್ಲ, ಆಗಲೇ ಕಿಟಕಿಗಳಲ್ಲಿ ಟವೆಲ್ಲು, ಕರ್ಚೀಫು, ಟೊಪ್ಪಿಗೆ, ನೀರಿನ ಬಾಟಲಿ ಎಲ್ಲವೂ ಒಳಗೆ ಬೀಳುತ್ತವೆ. ಯಾರ ವಸ್ತು ಮೊದಲು ಬಿತ್ತೋ ಸೀಟು ಅವರದು. ಕೋರ್ಟು ಕಚೇರಿ ಇರುವ ಊರು ನಮ್ಮದು; ಆದರೂ ಜನ ಇಷ್ಟು ನಿಷ್ಠೆಯಿಂದ ಪಾಲಿಸುವ ಕಾನೂನು ಇನ್ನೊಂದಿಲ್ಲ.

ರಾಯಬಾಗದ ಬೋರ್ಡಿನ ಬಸ್ ಒಳಗೆ ಬಂತು. ಎಲ್ಲರೂ ಎಸೆದರು. ನಾನೂ ಕರ್ಚೀಫ್ ಎಸೆದೆ. ಗಾಳಿ ಅದನ್ನು ತಂದು ನನ್ನ ಮುಖಕ್ಕೇ ಹಾಕಿತು. ಕಣ್ಣು ಬಿಡುವುದರೊಳಗೆ ಎಲ್ಲ ಕಿಟಕಿಗಳೂ ತುಂಬಿದ್ದವು. ಹಿಂದಿನ ಒಂದೇ ಒಂದು ಮೂರು ಸೀಟಿನ ಸಾಲು ಖಾಲಿ ಇತ್ತು. ಎಸೆಯಲು ನನ್ನ ಬಳಿ ಉಳಿದದ್ದು ಎರಡೇ: ಸೀರೆಯ ಚೀಲ ಮತ್ತು ಗಂಗಿ. ನಾನು ವಿಚಾರ ಮಾಡಿದೆ. ಹೊಸ ಸೀರೆ, ಯಾರಾದರೂ ಎತ್ತಿಕೊಂಡು ಹೋದರೆ?

ಗಂಗಿಯನ್ನು ಎತ್ತಿದೆ!

ಪಕ್ಕದಲ್ಲಿದ್ದ ಧೋತರದ ಮುದುಕರೊಬ್ಬರು ಕಾಲು ಹಿಡಿದು ಸಹಾಯ ಮಾಡಿದರು. ಹುಡುಗಿ ಕಿಟಕಿಯಿಂದ ಸರಕ್ಕನೆ ಒಳಗೆ ಇಳಿದಳು.

"ಗಂಗೀ, ಮೂರೂ ಸೀಟ್ ಹಿಡಿ! ನಾ ಬರೂತನಕ ಯಾರ್ನೂ ಕೂಡ್ಸಬ್ಯಾಡ! ಅಲ್ಲಿಂದ ಏಳಬ್ಯಾಡ!"

"ಹೂಂ ಅತ್ತಿ."

ಶ್ರಾವಣಿ ನನ್ನ ಸೆರಗು ಜಗ್ಗಿದಳು. "ಅತ್ತಿ, ಮೈಕಿನ್ಯಾಗ ಏನೋ ಹೇಳಾಕತ್ತಾರ."

"ನೀ ಸುಮ್ನಿರು!" ಎಂದು ಬಾಗಿಲ ಕಡೆಗೆ ಓಡಿದೆ. ಬಾಗಿಲು ತೆರೆಯಲಿಲ್ಲ. ಬಸ್ ಬುರ್ರ್ ಎಂದಿತು. ನಿಂತಿದ್ದ ಜನರ ನಡುವಿನಿಂದ ಹಾದು ಗೇಟಿನಿಂದ ಹೊರಗೆ ಹೋಗಿಬಿಟ್ಟಿತು. ಆಗ ಮೈಕು ನನ್ನ ಕಿವಿಗೂ ಬಿತ್ತು: ಈ ಗಾಡಿ ಡಿಪೋಗೆ ಹೋಗುತ್ತದೆ, ಯಾರೂ ಹತ್ತಬಾರದು.

ಸುತ್ತಲಿನವರು ಆರಾಮಾಗಿದ್ದರು. "ಡೀಸೆಲ್ ಹಾಕ್ಸಿಕೊಂಡ ಹೊಳ್ಳಿ ಬರ್ತೈತ್ರಿ ಬಾಯಾರ," ಎಂದರು ಧೋತರದ ಅಜ್ಜ. "ನಮ್ಮ ಟವೆಲ್ ಎಲ್ಲಿ ಓಡಿ ಹೋಗ್ತಾವ?"

"ನಿಮ್ಮದು ಟವೆಲ್ಲರಿ! ನಂದು ಸೊಸಿ!"

ಅಜ್ಜ ತಾವೇ ಅವಳ ಕಾಲು ಹಿಡಿದು ಒಳಗೆ ತೂರಿಸಿದ್ದು ನೆನಪಾಗಿ ತಲೆ ಕೆರೆದುಕೊಂಡರು. ಆಮೇಲೆ, "ಇಲ್ಲೇ ನಿಂದರ್ರಿ, ಹತ್ತು ಮಿನಿಟ್ನ್ಯಾಗ ಬರ್ತೈತಿ," ಎಂದರು. ಒಳ್ಳೆಯ ಮಾತು. ಬುದ್ಧಿ ಇದ್ದವರು ಕೇಳುತ್ತಿದ್ದರು. ನಾನು ಶ್ರಾವಣಿಯ ಕೈ ಹಿಡಿದು ಆಟೋ ಹತ್ತಿದೆ.

"ಡಿಪೋಕ್ಕ ನಡಿಯಪಾ, ಜಲ್ದಿ!"

ನಡುದಾರಿಯಲ್ಲಿ ಎದುರಿಗೆ ಒಂದು ಬಸ್ ಹಾದುಹೋಯಿತು. "ಅತ್ತಿ, ಅದ ಬಸ್!" ಎಂದಳು ಶ್ರಾವಣಿ.

"ಬಸ್ ಎಲ್ಲಾ ಒಂದ ನಮೂನಿ ಇರ್ತಾವ. ಸುಮ್ನಿರು!"

ಡಿಪೋದ ಗೇಟಿನಲ್ಲಿ ವಾಚ್‌ಮನ್ ನನ್ನನ್ನು ಕನಿಕರದಿಂದ ನೋಡಿದ. "ರಾಯಬಾಗದ ಗಾಡಿ? ಈಗರೆ ಹೋತಲ್ಲರಿ! ನಿಮಗ ದಾರ್ಯಾಗ ಎದುರ ಆಗಿರಬೇಕಲಾ?"

ಶ್ರಾವಣಿ ತಲೆಯೆತ್ತಿ ನನ್ನ ಮುಖ ನೋಡಿದಳು. ಆ ಹುಡುಗಿ ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ತಿರುಗಿ ಸ್ಟ್ಯಾಂಡಿಗೆ ಬಂದಾಗ ಬಸ್ಸೂ ಇಲ್ಲ, ಅಜ್ಜನೂ ಇಲ್ಲ, ಟವೆಲ್ ಎಸೆದ ಒಬ್ಬ ಮನುಷ್ಯನೂ ಇಲ್ಲ. ಗಾಡಿ ತುಂಬಿಕೊಂಡು ರಾಯಬಾಗದ ದಾರಿ ಹಿಡಿದಿತ್ತು. ಅಲ್ಲಿಯವರೆಗೆ ನನಗೆ ಗಾಬರಿಯಾಗಿತ್ತು ಅಷ್ಟೇ. ಈಗ ನಿಜವಾದ ಹೆದರಿಕೆ ಬಂತು. ದಾರಿಯಲ್ಲಿ ಎಷ್ಟು ಸ್ಟಾಪು! ಅತ್ತೆಯನ್ನು ಹುಡುಕುತ್ತ ಎಲ್ಲಾದರೂ ಇಳಿದುಬಿಟ್ಟರೆ? ಯಾರಾದರೂ ಕೈ ಹಿಡಿದು ಇಳಿಸಿಕೊಂಡರೆ? ಐದೂವರೆ ವರ್ಷದ ಕೂಸು.

ಕಂಟ್ರೋಲರ್ ಕೋಣೆಗೆ ನುಗ್ಗಿದೆ. ಅವರು ರಜಿಸ್ಟರ್ ತೆಗೆದರು. "ಏನ್ ಬಿಟ್ಟೀರಿ ಬಸ್ಸಿನ್ಯಾಗ? ಚೀಲೋ, ಛತ್ರೀನೋ?"

"ನಮ್ಮ ಅಣ್ಣನ ಮಗಳನ್ನರಿ!"

"ನೀವು ಹತ್ತಿ, ಇಳಿಯೂಮುಂದ ಮರ್ತೀರೇನು?"

"ನಾ ಹತ್ತೇ ಇಲ್ಲರಿ."

"ಮತ್ತ ಹುಡುಗಿ ಹೆಂಗ ಹತ್ತಿತು?"

"ಸೀಟ್ ಹಿಡ್ಯಾಕ... ಕಿಡಕ್ಯಾಗಿಂದ..."

ಅವರು ಪೆನ್ನು ಕೆಳಗಿಟ್ಟರು. "ಏನ್ ಕೆಲಸಾ ಮಾಡ್ತೀರಿ ನೀವು?"

"ಟೀಚರ್ ಅದಾಳ್ರಿ," ಎಂದಳು ಶ್ರಾವಣಿ. ನಾನು ಹೇಳುತ್ತಿರಲಿಲ್ಲ.

ಅವರು ಕಂಡಕ್ಟರನಿಗೆ ಫೋನ್ ಹಚ್ಚಿದರು. ಎತ್ತಲಿಲ್ಲ. ಮತ್ತೆ ಹಚ್ಚಿದರು. ಎತ್ತಲಿಲ್ಲ. ಆಗ ಇನ್ನೊಂದು ಫೋನ್ ರಿಂಗಾಯಿತು. ನನ್ನದು. ವೈನಿ!

"ಸುಮಾ, ಬಸ್ ಬಿಟ್ಟೈತೇನು?"

"ಬಿಟ್ಟೈತ್ರಿ ವೈನಿ."

"ಸೀಟ್ ಸಿಕ್ತೇನು?"

"ಮೂರು ಸಿಕ್ಕಾವ್ರಿ."

"ಗಂಗಿ ಏನ್ ಮಾಡಾಕತ್ತಾಳ?"

"ಕಿಡಕಿ ಬಾಜೂಕ ಕುಂತಾಳ್ರಿ."

ಒಂದೂ ಸುಳ್ಳಲ್ಲ! ಆದರೆ ಬೆವರು ಮಾತ್ರ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ವೈನಿಗೆ ನನ್ನ ದನಿ ಯಾಕೋ ಸರಿ ಅನ್ನಿಸಲಿಲ್ಲ. "ಶ್ರಾವಣಿ ಕೈಯಾಗ ಫೋನ್ ಕೊಡು," ಎಂದರು.

ಮುಗಿಯಿತು. ಚಾದರಗಳು ಕಪಾಟಿನಲ್ಲೇ ಹಳೆಯವಾಗುತ್ತವೆ ಎಂದುಕೊಂಡು ಫೋನ್ ಕೊಟ್ಟೆ.

"ಶ್ರಾವಣಿ, ಅತ್ತಿ ಹೇಳಿದ್ದು ಖರೇ ಏನ?" ಎಂದು ವೈನಿ ಕೇಳಿದ್ದು ನನಗೂ ಕೇಳಿಸಿತು.

ಹುಡುಗಿ ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು. "ಖರೇ ಐತಿ ಅವ್ವಾ. ಅತ್ತಿ ಹೇಳಿದ್ದು ಎಲ್ಲಾ ಖರೇ ಐತಿ."

ಫೋನ್ ನನ್ನ ಕೈಗೆ ಕೊಟ್ಟು ಮೆಲ್ಲಗೆ ಹೇಳಿದಳು: "ಅತ್ತಿ, ನಾ ಸುಳ್ಳ ಹೇಳಿಲ್ಲ. ಆದ್ರ ಹೊಟ್ಯಾಗ ಒಂಥರಾ ಆಗಾಕತ್ತೈತಿ."

"ನನಗೂ ಆಗಾಕತ್ತೈತವಾ," ಎಂದು ಅವಳನ್ನು ಅಪ್ಪಿಕೊಂಡೆ. ಅಷ್ಟರಲ್ಲಿ ಕಂಡಕ್ಟರ್ ಫೋನ್ ಎತ್ತಿದ. ಕಂಟ್ರೋಲರ್ ಸ್ಪೀಕರ್ ಹಾಕಿದರು.

"ಸಣ್ಣ ಹುಡುಗೀ? ಐತ್ರಿ ಸಾಹೇಬ್ರ! ಮೂರ್ ಸೀಟಿಗೆ ಅಡ್ಡ ಮಲಕೊಂಡೈತಿ. ನಮ್ಮ ಅತ್ತಿ ಬರಾಕತ್ತಾಳ ಅಂತೈತಿ. ಹಿಂದ ಗದ್ಲದಾಗ ನಿಂತಿರಬೇಕು ಆಕೀ ಅತ್ತಿ ಅಂತ ನಾ ಸುಮ್ನಾದ್ನಿ. ಮಂದಿ ನನ್ನ ಜೀವಾ ತಿನ್ನಾಕತ್ತಾರ್ರಿ!"

"ಅತ್ತಿ ಇಲ್ಲಿ ನನ್ನ ಮುಂದ ನಿಂತಾರ. ಮುಂದಿನ ಕ್ರಾಸಿಗೆ ಗಾಡಿ ನಿಂದ್ರಸು. ಹುಡುಗೀನ್ನ ಇಳಿಸಿ ನಿನ್ನ ಬಾಜೂಕ ನಿಂದ್ರಿಸ್ಕೋ."

ಕಂಡಕ್ಟರ್ ಅದನ್ನು ಅವಳಿಗೆ ಹೇಳಿರಬೇಕು, ಫೋನಿನೊಳಗಿಂದ ಒಂದು ಸಣ್ಣ, ಗಟ್ಟಿ ದನಿ ಕೇಳಿಸಿತು. "ನಾ ಇಳ್ಯಂಗಿಲ್ಲ!"

ಆ ದನಿ ಕೇಳಿ ನಾನು ಕಂಟ್ರೋಲರ್ ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಪಿ.ಟಿ. ಟೀಚರ್ ಎಂಬುದು ನೆನಪಾಗಲಿಲ್ಲ.

ಅದೇ ಆಟೋದಲ್ಲಿ ಕ್ರಾಸಿನ ಕಡೆ ಹೊರಟೆವು. ಅರ್ಧ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್. ಹಾಡು ಹಚ್ಚಿಕೊಂಡು ಆಮೆಯ ಹಾಗೆ ಹೊರಟಿತ್ತು. ಆಟೋದವನು ಹಾರ್ನ್ ಹೊಡೆದ. ನಾನು ಕೂಗಿದೆ. ಹಾಡಿನ ಮುಂದೆ ನಮ್ಮದು ಏನೂ ನಡೆಯಲಿಲ್ಲ. ಕೊನೆಗೆ ಪರ್ಸಿನಿಂದ ವಿಸಲ್ ತೆಗೆದು, ಆಟೋದಿಂದ ಅರ್ಧ ಮೈ ಹೊರಗೆ ಹಾಕಿ ಊದಿದೆ. ಡ್ರೈವರ್ ಪೊಲೀಸರೆಂದು ತಿಳಿದು ಬದಿಗೆ ಸರಿದ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಇದೊಂದೇ.

ಕ್ರಾಸಿನಲ್ಲಿ ಬಸ್ ನಿಂತಿತ್ತು. ಎಲ್ಲ ಕಿಟಕಿಗಳಲ್ಲಿ ತಲೆಗಳು. "ಬಂದ್ಲು ನೋಡ್ರಿ ಅತ್ತಿ!" ಎಂದು ಯಾರೋ ಕೂಗಿದರು. ನಾನು ತಲೆತಗ್ಗಿಸಿ ಹತ್ತಿದೆ.

ಗಂಗಿ ಹಿಂದಿನ ಸಾಲಿನಲ್ಲಿ ಬೆನ್ನನ್ನು ಕಿಟಕಿಗೆ ಹಚ್ಚಿ, ಎರಡೂ ಕಾಲು ಚಾಚಿ ಕುಳಿತಿದ್ದಳು. ಕಾಲು ಮುಟ್ಟದ ಮೂರನೆಯ ಸೀಟಿನ ಮೇಲೆ ಅವಳ ಎರಡೂ ಚಪ್ಪಲಿಗಳಿದ್ದವು. ಪಕ್ಕದಲ್ಲಿ ಧೋತರದ ಅಜ್ಜ ಕಂಬ ಹಿಡಿದು ನಿಂತಿದ್ದರು; ನಾನು ಡಿಪೋದಲ್ಲೇ ಹತ್ತಿ ಗದ್ದಲದಲ್ಲಿ ಎಲ್ಲೋ ನಿಂತಿರಬೇಕೆಂದು ತಿಳಿದಿದ್ದರಂತೆ. ಅವರ ಟವೆಲ್ ಎಲ್ಲಿ ಹೋಯಿತೋ. ಅವರಿಗೂ ಅವಳು ಜಾಗ ಕೊಟ್ಟಿರಲಿಲ್ಲ!

ನಾನು ಅವಳನ್ನು ಬಾಚಿ ಎದೆಗೆ ಒತ್ತಿಕೊಂಡೆ. "ಹೆದರಿದ್ಯೇನ ನನ್ನ ಬಂಗಾರಾ?"

"ಇಲ್ಲ. ನೀ ಬರ್ತೀನಿ ಅಂದಿದ್ದಿ ಅಲಾ." ನನ್ನ ಕೆನ್ನೆ ಒರೆಸಿ ಕೇಳಿದಳು: "ನೀ ಯಾಕ ಅಳಾಕತ್ತಿ? ಸೀಟ್ ಐತಲಾ!"

ನಾನು ಗಂಗಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅಜ್ಜನಿಗೆ ಜಾಗ ಕೊಟ್ಟೆ. ರಾಯಬಾಗದವರೆಗೆ ಅವಳ ಕೈ ಬಿಡಲಿಲ್ಲ. ಇಳಿಯುವಾಗ ನೆನಪಾಯಿತು: ಹಸಿರು ಸೀರೆಯ ಚೀಲ ಆಟೋದಲ್ಲೇ ಉಳಿದಿತ್ತು!

ವೈನಿ ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಏನು ಹೇಳಲಿ, ಎಷ್ಟು ಹೇಳಲಿ ಎಂದು ನಾನು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದೆ. ಅವಕಾಶವೇ ಸಿಗಲಿಲ್ಲ. "ಅವ್ವಾ, ಈಗ ಎಲ್ಲಾ ಹೇಳ್ತೀನಿ," ಎಂದು ಶ್ರಾವಣಿ ಶುರು ಮಾಡಿ, ಕಿಟಕಿಯಿಂದ ಹಿಡಿದು ಆಟೋದ ಚೀಲದವರೆಗೆ, ನಾನು ಎರಡು ಸಲ ಸುಮ್ಮನಿರು ಅಂದದ್ದನ್ನೂ ಸೇರಿಸಿ, ಒಂದಕ್ಷರ ಬಿಡದೆ ವರದಿ ಒಪ್ಪಿಸಿದಳು. ಕೊನೆಗೆ, "ಆದ್ರ ಅತ್ತಿ ಭಾಳ ಅತ್ತಾಳ ಅವ್ವಾ, ಆಕೀಗೆ ಬೈಬ್ಯಾಡ," ಎಂದು ತಾನೂ ಅಳತೊಡಗಿದಳು.

ವೈನಿ ಗಂಗಿಯನ್ನು ಸೊಂಟಕ್ಕೆ ಏರಿಸಿಕೊಂಡರು. ಅವರ ಮುಖ ಬಿಳಿಚಿತ್ತು. ಅವಳ ಕೈಕಾಲು ಒಂದೊಂದಾಗಿ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. ಬೈದಿದ್ದರೆ ಬದುಕುತ್ತಿದ್ದೆ.

"ಸೂಟಿಗೆ ಕಳಸಂಗಿಲ್ಲ ಅಲ್ರಿ ವೈನಿ?" ಎಂದೆ.

"ಕಳಸ್ತೀನಿ," ಎಂದರು. "ನಿನ್ನ ನಂಬಿ ಅಲ್ಲ." ಆಮೇಲೆ ಗಂಗಿಯ ಗದ್ದ ಹಿಡಿದು ನನ್ನ ಕಡೆ ತಿರುಗಿಸಿ ಹೇಳಿದರು: "ಗಂಗೀ, ಸೂಟ್ಯಾಗ ಅತ್ತಿ ಮನಿಗೆ ಹೋಗ್ತೀರಿ. ಅತ್ತೀನ್ನ ನೀ ನೋಡ್ಕೋಬೇಕು. ಎಲ್ಲೂ ಕಳಿಯಾಕ ಬಿಡಬ್ಯಾಡ."

"ಹೂಂ," ಎಂದಳು ಗಂಗಿ.

ಈಗ ಸೂಟಿ. ಹುಡುಗಿಯರು ನನ್ನ ಮನೆಯಲ್ಲಿದ್ದಾರೆ. ನಾನು ಹಾಲು ತರಲು ಹೋದರೆ ಗಂಗಿ ಕಿರುಬೆರಳು ಹಿಡಿದು ಬರುತ್ತಾಳೆ. ರಸ್ತೆ ದಾಟುವಾಗ ನನ್ನನ್ನು ತಡೆದು ಎರಡೂ ಕಡೆ ನೋಡುತ್ತಾಳೆ. ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಕುಳಿತು, "ಅದೀ ಅತ್ತಿ?" ಎಂದು ಕೇಳುತ್ತಿರುತ್ತಾಳೆ. "ಅದೀನವಾ," ಎನ್ನುತ್ತೇನೆ. ಈಗ ಅಕ್ಕನ ಜೊತೆ ಮಾಳಿಗೆಗೆ ಆಡಲು ಹೋಗುವ ಮುಂಚೆ ನನ್ನನ್ನು ಈ ಕುರ್ಚಿಯಲ್ಲಿ ಕೂಡಿಸಿ, "ನಾ ಬರೂತನಕ ಏಳಬ್ಯಾಡ," ಎಂದು ಹೇಳಿ ಹೋಗಿದ್ದಾಳೆ. ಒಲೆಯ ಮೇಲಿನ ಹಾಲು ಉಕ್ಕಿ ಸುಟ್ಟ ವಾಸನೆ ಬರುತ್ತಿದೆ. ಆದರೂ ನಾನು ಎದ್ದಿಲ್ಲ!