ಮಾವನ ಕಿವಿ ಮತ್ತು ತೀರ್ಥಹಳ್ಳಿ ಹುಡುಗನ ಬೈಕು

ನನ್ನ ಸೋದರಮಾವನಿಗೆ ದೇವರು ಕಿವಿ ಕೊಟ್ಟದ್ದು ಮನುಷ್ಯರ ಮಾತು ಕೇಳಲಿ ಎಂದಂತೂ ಅಲ್ಲ. ಅತ್ತೆ ಊಟಕ್ಕೆ ಮೂರು ಸಲ ಕರೆದರೂ ಅವನಿಗೆ ಕೇಳುವುದಿಲ್ಲ. ಆದರೆ ಸಾಗರ ಪೇಟೆಯ ಆ ತುದಿಯಲ್ಲಿ ಯಾರದೋ ಬೈಕಿನ ಚೈನು ಕಿರುಗುಟ್ಟಿದರೆ ಸಾಕು, ಕಲಸಿದ ಅನ್ನ ಬಿಟ್ಟು ಎದ್ದು ನಿಲ್ಲುತ್ತಾನೆ. "ಎಣ್ಣೆ ಕಾಣದೆ ಆರು ತಿಂಗಳಾಗಿದೆ ಅದು" ಎಂದು ಮರುಗುತ್ತಾನೆ. ಅವನದೇ ಮನೆಯ ಬಾಗಿಲು ಅದಕ್ಕಿಂತ ಜೋರಾಗಿ ಕಿರುಗುಟ್ಟುತ್ತದೆ. ಬಾಗಿಲಿಗೆ ಹಿಂದಿನ ಚಕ್ರ ಇಲ್ಲವಾದ್ದರಿಂದ ಅದು ಅವನ ಗಮನಕ್ಕೆ ಬಂದಿಲ್ಲ.

ಇಷ್ಟು ಕೇಳಿದ ಮೇಲೆ ಮಾವ ಮೆಕ್ಯಾನಿಕ್ ಇರಬೇಕೆಂದು ನೀವು ತಿಳಿದಿರಬಹುದು. ಅಲ್ಲ, ಟೈಲರ್! ಹೋಗಲಿ, ಸ್ವಂತಕ್ಕೊಂದು ಬೈಕಾದರೂ ಇದೆಯೇ? ಅದೂ ಇಲ್ಲ, ಓಡಿಸಲು ಬರುವುದೂ ಇಲ್ಲ. ಓಡಾಟವೆಲ್ಲ ಬಸ್ಸಿನಲ್ಲಿ. ಒಮ್ಮೆ ನಿಟ್ಟೂರಿನ ಮದುವೆಗೆ ಹೊರಟವನು, ಬಸ್ಸನ್ನು ಹಿಂದೆ ಹಾಕಿದ ಬೈಕೊಂದರ ಸದ್ದು ಕೇಳಿ ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ ಇಳಿದುಬಿಟ್ಟ. ಇಳಿಯುವಷ್ಟರಲ್ಲಿ ಬೈಕು ಹೋಗಿತ್ತು, ಇಳಿದ ಮೇಲೆ ಬಸ್ಸೂ ಹೋಯಿತು. ಮದುವೆಮನೆಗೆ ಅವನು ನಡೆದು ಮುಟ್ಟಿದಾಗ ಎಲೆ ತೆಗೆಯುತ್ತಿದ್ದರು.

ಇನ್ನೊಮ್ಮೆ ರವಿಕೆಯ ಅಳತೆ ಕೊಡಲು ಬಂದ ಟೀಚರೊಬ್ಬರ ಕೈಗೆ ಟೇಪಿನ ತುದಿ ಕೊಟ್ಟು, "ಹಿಡ್ಕಳಿ, ಬಂದೆ" ಎಂದು ರಸ್ತೆಗೆ ಓಡಿದ. ಹಾದುಹೋಗುತ್ತಿದ್ದ ಬೈಕನ್ನು ತಡೆದು, ಸೆಂಟರ್ ಸ್ಟ್ಯಾಂಡ್ ಹಾಕಿಸಿ, ಚೈನು ಬಿಗಿ ಮಾಡಿಸಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಟೀಚರು ಪಾಪ, ಟೇಪು ಹಿಡಿದುಕೊಂಡೇ ನಿಂತಿದ್ದರು. ಆ ರವಿಕೆಗೆ ಒಂದು ತೋಳು ಉದ್ದ, ಒಂದು ಗಿಡ್ಡ ಆಯಿತು. ಚೈನು ಮಾತ್ರ ಅಳತೆಗೆ ಸರಿಯಾಗಿ ಕೂತಿತ್ತಂತೆ.

ಅವನ ಶಾಸ್ತ್ರ ಬಹಳ ಸರಳ. ಟಪಟಪ ಎಂದರೆ ಚೈನು ಸಡಿಲ. ಕರಕರ ಎಂದರೆ ಚೈನು ಕೂರುವ ಚಕ್ರದ ಹಲ್ಲು ಸವೆದಿದೆ. ಗೇರು ಬದಲಿಸುವಾಗ ಟಕ್ ಎಂದರೆ ಹಿಂದಿನ ಚಕ್ರದೊಳಗಿನ ರಬ್ಬರು ಹೋಗಿದೆ. ವೇಗ ಏರಿದಂತೆ ಗುಂಯ್ ಎಂದರೆ ಬೇರಿಂಗು. ನಾನು ಎಷ್ಟೇ ಹಾಸ್ಯ ಮಾಡಿದರೂ ಒಂದನ್ನು ಒಪ್ಪಲೇಬೇಕು, ಅವನು ಹೇಳಿದ್ದು ಒಮ್ಮೆಯೂ ತಪ್ಪಿರಲಿಲ್ಲ. ಗೊತ್ತಾಗದ ಸದ್ದು ಬಂದರೆ ಸಾಗರದ ಮೆಕ್ಯಾನಿಕ್ಕುಗಳೇ ಬೈಕು ತಳ್ಳಿಕೊಂಡು ಟೈಲರ್ ಅಂಗಡಿಗೆ ಬರುತ್ತಿದ್ದರು. ಆಗ ಮಾವನ ಮುಖ ನೋಡಬೇಕಿತ್ತು. ಹೊಲಿಗೆಯ ಬಗ್ಗೆ ಯಾರೂ ಅವನನ್ನು ಅಷ್ಟು ಹೊಗಳಿದ್ದಿಲ್ಲ, ಹೊಗಳುವಂತೆ ಅವನು ಹೊಲಿದದ್ದೂ ಇಲ್ಲ.

ಇಂಥವನನ್ನು, ಗಂಡಿನವರು ನನ್ನನ್ನು ನೋಡಲು ಬರುವ ಶಾಸ್ತ್ರಕ್ಕೆ ಕರೆಯಬಾರದಿತ್ತು. ಆದರೆ ಸೋದರಮಾವನನ್ನು ಬಿಟ್ಟು ನಮ್ಮಲ್ಲಿ ಅಂಥ ಕೆಲಸ ನಡೆಯುವುದುಂಟೇ? ಅವನು ಹೂಂ ಎನ್ನದೆ ಮಾತು ಮುಗಿಯುವುದಿಲ್ಲ. ನಾನಾಗ ಸಾಗರದಲ್ಲಿ ಅವನ ಮನೆಯಲ್ಲಿದ್ದುಕೊಂಡು ಬಿ.ಎಡ್. ಓದುತ್ತಿದ್ದೆ. ಹೊಸನಗರದ ನಮ್ಮ ಮನೆಗೆ ಹುಡುಗ ತೀರ್ಥಹಳ್ಳಿಯಿಂದ ಬೈಕಿನಲ್ಲಿ ಬಂದ, ಅವನ ಅಪ್ಪ ಅಮ್ಮ ಹಿಂದೆ ಕಾರಿನಲ್ಲಿ. ತೀರ್ಥಹಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ, ಒಳ್ಳೆಯವನು ಎಂದಷ್ಟೇ ನನಗೆ ಗೊತ್ತಿದ್ದದ್ದು. ಉಪ್ಪಿಟ್ಟು, ಕಾಫಿ ಆದ ಮೇಲೆ ನಮ್ಮಿಬ್ಬರಿಗೆ ಜಗಲಿಯಲ್ಲಿ ಹತ್ತು ನಿಮಿಷ ಮಂಜೂರಾಯಿತು, ಬಾಗಿಲ ಸಂದಿಯಲ್ಲಿ ದೊಡ್ಡಮ್ಮನ ಕಣ್ಗಾವಲಿನೊಂದಿಗೆ.

"ನಿಮ್ಮಲ್ಲಿ ಮಳೆ ಜೋರಾ?" ಎಂದೆ.

"ಜೋರೇ" ಎಂದ.

ಹತ್ತು ನಿಮಿಷ ಮುಗಿಯಿತು.

ಅಪ್ಪ ನನ್ನನ್ನು ಒಳಗೆ ಕರೆದು, "ಸಂಜೆಯೊಳಗೆ ಅವ್ರಿಗೆ ಹೇಳ್ಬೇಕು. ಎಂತ ಹೇಳ್ತೀಯ?" ಎಂದ. ಮಳೆಯ ವರದಿಯ ಮೇಲೆ ಇಡೀ ಬದುಕನ್ನು ತೀರ್ಮಾನಿಸಬೇಕು! "ಗೊತ್ತಾಗ್ತಿಲ್ಲ ಅಪ್ಪ" ಎಂದೆ. "ಬೇಡ ಅಂದಿಲ್ವಲ್ಲ, ಒಪ್ಪಿಗೆ ಅಂತ್ಲೇ ಲೆಕ್ಕ" ಎಂದಳು ದೊಡ್ಡಮ್ಮ. ಅಮ್ಮ ಕಾಫಿ ಲೋಟ ಎತ್ತಿಕೊಂಡು ಹಿತ್ತಲಿಗೆ ಹೋದಳು. ನನಗೆ ಹುಡುಗ ಬೇಡ ಎನ್ನಲು ಕಾರಣವಿರಲಿಲ್ಲ, ಬೇಕು ಎನ್ನಲೂ ಇರಲಿಲ್ಲ.

ಅಷ್ಟರಲ್ಲಿ ಕೈಯೆಲ್ಲ ಕರಿ ಮಾಡಿಕೊಂಡು ಮಾವ ಅಂಗಳದಿಂದ ಒಳಬಂದ. "ಭಾವ, ಹುಡುಗನ ಬೈಕಲ್ಲಿ ಹಿಂದೆ ಎಂತದೋ ಸದ್ದಿದೆ. ಅದು ಎಂತದು ಅಂತ ಗೊತ್ತಾಗೋ ತನಕ ನಾನು ಹೂಂ ಅನ್ನಲ್ಲ."

"ಹುಡುಗನ್ನ ನೋಡೋ ಅಂದ್ರೆ ಬೈಕ್ ನೋಡ್ಕೊಂಡು ಬಂದಿದೀಯಲ್ಲ ಮಾರಾಯ" ಎಂದು ಅಪ್ಪ ತಲೆ ಚಚ್ಚಿಕೊಂಡ.

"ಚೈನ್ ನೋಡ್ಕಳಕ್ಕೆ ಬರ್ದೇ ಇದ್ದವ ಹೆಂಡ್ತಿನ ಎಂತ ನೋಡ್ಕೋತಾನೆ?"

ಮಾತು ಜಗಲಿಗೂ ಕೇಳಿತು, ಹುಡುಗನ ಅಪ್ಪನ ಮುಖ ಕೆಂಪಾಯಿತು. ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ. ಹುಡುಗ ಮಾತ್ರ, "ನಂಗೂ ಸದ್ದು ಕೇಳ್ತಾ ಇತ್ತು. ಭಾನುವಾರ ಸಾಗರಕ್ಕೆ ತಗಂಡು ಬರ್ತೀನಿ, ನೋಡಿ" ಎಂದ.

ಹೀಗೆ ಶುರುವಾಯಿತು ಆ ಚಿಕಿತ್ಸೆ. ಮೊದಲ ಭಾನುವಾರ ಮಾವ ಅಂಗಡಿಯ ಮುಂದೆಯೇ ಚೈನು ಬಿಗಿ ಮಾಡಿದ. ನನ್ನನ್ನು ಕರೆದು, "ನೀನು ಚಕ್ರ ತಿರುಗ್ಸು. ಅವ್ನು ಹತ್ರದಿಂದ ಕೇಳ್ಲಿ, ನಾನು ದೂರದಿಂದ ಕೇಳ್ತೀನಿ" ಎಂದು ಎದುರಿನ ಹೋಟೆಲಿಗೆ ಹೋಗಿ ಕೂತ. ಎರಡು ಟೀ ಕುಡಿದು ಬಂದು, "ಇನ್ನೂ ಇದೆ, ಮುಂದಿನ ವಾರ ಬನ್ನಿ" ಎಂದ. ಮುಂದಿನ ವಾರ ತನ್ನ ಡಬ್ಬದಿಂದಲೇ ರಬ್ಬರು ತೆಗೆದು ಹಾಕಿದ. ಅದರ ಮುಂದಿನ ವಾರ ಬೇರಿಂಗು. ಪ್ರತಿ ಸಲವೂ ಚಕ್ರ ನನ್ನ ಕೈಗೆ, ಕಿವಿ ಹೋಟೆಲಿಗೆ. ಬೈಕು ಓಡಿಸಿದರೆ ಕಟಕಟ ಹಾಗೇ ಇತ್ತು.

ಊರಿಗೆ ಸುದ್ದಿ ಹಬ್ಬಿತು. "ಟೈಲರ ಕಿವಿ ಹೋಯ್ತಂತೆ" ಎಂದು ಮೆಕ್ಯಾನಿಕ್ಕುಗಳು ಅಂಗಡಿಯ ಮುಂದೆಯೇ ನಕ್ಕರು. ನನಗೂ ಸಿಟ್ಟು ಬಂದಿತ್ತು. ಆದರೆ ಚಕ್ರ ತಿರುಗಿಸುತ್ತ ಸುಮ್ಮನೆ ಎಷ್ಟು ಹೊತ್ತು ಕೂರುವುದು? ಮಾತಾಡಿದೆವು. ಮದುವೆಯಾದ ಮೇಲೂ ಕೆಲಸಕ್ಕೆ ಹೋಗುತ್ತೇನೆ, ಎಲ್ಲಿ ಹಾಕಿದರೂ ಹೋಗುತ್ತೇನೆ ಎಂದೆ. ಅವನು ಕೂಡಲೇ ಆಗಲಿ ಎನ್ನಲಿಲ್ಲ, ಒಂದು ವಾರ ಯೋಚನೆ ಮಾಡಿ ಬಂದ. "ಆಗುಂಬೆಗೆ ಹಾಕಿದ್ರೆ ದಿನಾ ಬಿಟ್ಟು ಬರ್ತೀನಿ. ಅದಕ್ಕಿಂತ ದೂರ ಆದ್ರೆ ನೀವು ಅಲ್ಲೇ ಉಳೀಬೇಕಾಗ್ತದೆ, ನಂಗೆ ಬೇಜಾರಾಗ್ತದೆ. ಆದ್ರೂ ಹೋಗಿ" ಎಂದ. ಬೇಜಾರಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದು ನನಗೆ ಹಿಡಿಸಿತು.

ಆರನೆಯ ಭಾನುವಾರ ಅವನು ಬರುವ ಮೊದಲೇ ಮಾವನಿಗೆ ಹೇಳಿದೆ, "ಸದ್ದಿದ್ರೆ ಇರ್ಲಿ. ನಂಗೆ ಒಪ್ಪಿಗೆ."

"ಹೌದಾ?"

"ಹೌದು ಮಾವ."

ಹುಡುಗ ಬಂದು ಬೈಕು ನಿಲ್ಲಿಸಿ ಅತ್ತೆಯ ಹತ್ತಿರ ನೀರು ಕೇಳಿ ಕುಡಿಯಲು ಅಂಗಡಿಯ ಹಿಂದಿನ ಮನೆಯೊಳಗೆ ಹೋದ. ಮಾವ ಸ್ಪ್ಯಾನರ್ ತೆಗೆದು ಚೈನ್ ಕವರಿನ ಹಿಂದಿದ್ದ ಒಂದು ಬೋಲ್ಟನ್ನು ಎರಡು ಸುತ್ತು ತಿರುಗಿಸಿದ. ಅಷ್ಟೇ. ಆಮೇಲೆ ಹುಡುಗ ಪೇಟೆಗೆ ಒಂದು ಸುತ್ತು ಹೋಗಿ ಬಂದರೆ ಬೈಕಿನಲ್ಲಿ ಸದ್ದೇ ಇಲ್ಲ.

ಅವನು ಊರಿಗೆ ಹೊರಟ ಮೇಲೆ ಮಾವನನ್ನು ಹಿಡಿದುಕೊಂಡೆ. "ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತೇ. ನಿಮ್ಮನೆ ಗೇಟು ದಾಟೋ ಮೊದ್ಲೇ."

"ಮತ್ತೆ ಈ ಆರು ವಾರ?"

ಮಾವ ಸ್ಪ್ಯಾನರನ್ನು ಒರೆಸುತ್ತ ಕೂತ. "ನಿನ್ನ ಅಮ್ಮನ್ನ ನೋಡಕ್ಕೆ ಬಂದಾಗ ನಂಗೆ ಹದಿನಾಲ್ಕು ವರ್ಷ. ಅಕ್ಕ ಹಿತ್ಲಿಗೆ ಬಂದು, ಇನ್ನೊಂದ್ಸಲ ಮಾತಾಡ್ಬೇಕು ಅನ್ನಿಸ್ತದೆ, ಅಪ್ಪನ ಹತ್ರ ಹೇಳ್ತೀಯನೋ ಅಂದ್ಲು. ನಂಗೆ ಧೈರ್ಯ ಬರ್ಲಿಲ್ಲ. ಸಂಜೆ ಹೊತ್ತಿಗೆ ಎಲ್ಲಾ ಮುಗ್ದಿತ್ತು. ನಿನ್ನ ಅಪ್ಪ ಒಳ್ಳೆಯವ್ನೇ, ಅದಲ್ಲ. ಅವ್ಳು ಕೇಳಿದ್ಲು, ನಾನು ಹೇಳ್ಲಿಲ್ಲ."

ನಾನು ಅಲ್ಲೇ, ಬಟ್ಟೆಯ ಚೂರುಗಳ ನಡುವೆ ಕೂತು ಅತ್ತುಬಿಟ್ಟೆ. ಇದನ್ನೆಲ್ಲ ಊರಿಗೆ ಹೇಳುತ್ತೇನೆ ಎಂದರೆ ಮಾವ ಬೇಡವೆಂದ, ಅಪ್ಪನಿಗೆ ನೋವಾಗುತ್ತದಂತೆ. ನನ್ನ ಮದುವೆಯಾಗಿ ಮೂರು ವರ್ಷವಾಯಿತು. ಸಾಗರದಲ್ಲಿ ಈಗ ಯಾರೂ ಅವನ ಅಂಗಡಿಗೆ ಬೈಕು ತರುವುದಿಲ್ಲ. ಕಿವಿ ಹೇಗಿದೆ ಎಂದು ಯಾರಾದರೂ ಛೇಡಿಸಿದರೆ, "ಮೊದ್ಲಿನ ಹಾಗಿಲ್ಲ ಮಾರಾಯ" ಎಂದು ತಲೆ ತಗ್ಗಿಸಿ ಹೊಲಿಯುತ್ತಾನೆ.